ಅದು ನಿದ್ದೆಯಾಗಿರಲಿಲ್ಲ

ಬಾಗಿಲಲ್ಲಿ ಅವನನ್ನು ಕಂಡದ್ದೇ ತಡ, ಪಾಠ ಹೇಳುತ್ತಿದ್ದ ಅವಳ ಮಾತು ಅರ್ಧಕ್ಕೇ ನಿಂತಿತು.

ಎರಡು ವರ್ಷ! ತನ್ನ ತಮ್ಮನ ಅಂತ್ಯಕ್ರಿಯೆಯ ದಿನ "ಇನ್ನು ನಿನ್ನ ಮುಖ ತೋರಿಸಬೇಡ" ಎಂದು ಎಲ್ಲರೆದುರು ಅವನನ್ನು ಅಟ್ಟಿದ್ದಳು. ಇಬ್ಬರ ಮದುವೆಯ ಮಾತೂ ಅಲ್ಲಿಗೇ ಮುರಿದಿತ್ತು.

ಅವನು ಬಡಗಿ, ತಮ್ಮನ ಜೀವದ ಗೆಳೆಯ. ಬೆನ್ನುನೋವಿಗೆಂದು ಶುರುವಾದ ಅಮಲಿನ ಮಾತ್ರೆ ಚಟವಾಗಿ ತಮ್ಮನನ್ನೇ ನುಂಗಿತ್ತು. ತಮ್ಮ ಸತ್ತ ಆ ಬೆಳಿಗ್ಗೆ ಪಕ್ಕದಲ್ಲಿದ್ದವನು ಇವನೊಬ್ಬನೇ. ಹೊದಿಕೆ ಹೊದಿಸಿ ಕೆಲಸಕ್ಕೆ ಹೋಗಿಬಿಟ್ಟ... ಹಾಗೆಂದೇ ಅವಳು ಎಲ್ಲರಿಗೂ ಹೇಳಿದ್ದಳು.

ಈಗ ತಾನು ಕೆಲಸ ಮಾಡುವ ಲೈಬ್ರರಿಯಲ್ಲೇ, ಇಂಥ ಮಾತ್ರೆ ಮಿತಿಮೀರಿ ಬಿದ್ದವರನ್ನು ಉಳಿಸುವುದು ಹೇಗೆಂದು ಶನಿವಾರ ಮಧ್ಯಾಹ್ನ ಕಲಿಸುತ್ತಾಳೆ.

ಸಾವರಿಸಿಕೊಂಡು ಪ್ಲಾಸ್ಟಿಕ್ ಗೊಂಬೆಯ ಮುಂದೆ ಮಂಡಿಯೂರಿದಳು.

"ಹೆಗಲು ಅಲ್ಲಾಡಿಸಿ, ಜೋರಾಗಿ ಕೂಗಿ. ಏಳಲಿಲ್ವಾ? ಆಂಬುಲೆನ್ಸ್‌ಗೆ ಫೋನ್ ಮಾಡಿ. ಮಾತ್ರೆಯ ಅಮಲು ಇಳಿಸೋ ಈ ಸ್ಪ್ರೇ ಮೂಗಿನ ಒಂದು ಹೊಳ್ಳೆಗೆ ಹೊಡೀರಿ. ಆಮೇಲೆ ಬಾಯಿಂದ ಉಸಿರು ಕೊಡಿ."

ಮುಂದೆ ಕೂತಿದ್ದ ಅಜ್ಜಿ ಕೇಳಿದರು, "ಗೊರಕೆ ಹೊಡೀತಿದ್ರೆ ಭಯ ಇಲ್ಲ ಅಲ್ವೇನಮ್ಮಾ? ನಿದ್ದೆ ತಾನೇ?"

ಅವಳು ಗೊಂಬೆಯಿಂದ ತಲೆಯೆತ್ತಿ ಅಜ್ಜಿಯನ್ನು ನೋಡಿದಳು.

"ಇಲ್ಲಜ್ಜಿ... ಎಷ್ಟು ಎಬ್ಬಿಸಿದ್ರೂ ಏಳದೆ ಗೊರಗೊರ ಅಂತಿದ್ರೆ, ಅದು ನಿದ್ದೆ ಅಲ್ಲ. ಉಸಿರು ಕಟ್ತಾ ಇದೆ ಅಂತ."

ಹಿಂದಿನ ಸಾಲಿನಲ್ಲಿ ಅವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

ಎಲ್ಲರೂ ಹೋದರು. ಅವನು ಮಾತ್ರ ಕುರ್ಚಿ ಜೋಡಿಸುತ್ತ ಉಳಿದ.

"ಯಾಕೆ ಬಂದೆ?"

"ಕಲಿಯೋಕೆ. ನನ್ನ ಜೊತೆ ಕೆಲಸ ಮಾಡೋನೊಬ್ಬ ಅದೇ ಮಾತ್ರೆ ನುಂಗ್ತಾನೆ. ಇನ್ನೊಬ್ಬನ್ನ ಕಳ್ಕೊಳ್ಳೋ ಶಕ್ತಿ ನಂಗಿಲ್ಲ."

ಅವಳಿಗೆ ಇನ್ನು ತಡೆಯಲಾಗಲಿಲ್ಲ. "ಆವತ್ತು ನೀನು ನಂಗೆ ಫೋನ್ ಮಾಡಿದ್ದೆ!"

"ಆ ಮಾತು ಬೇಡ ಕಣೇ..."

"ಕರೆದ್ರೂ ಏಳ್ತಿಲ್ಲ, ಒಂಥರಾ ಗೊರಕೆ ಹೊಡೀತಿದ್ದಾನೆ ಅಂದೆ. ಮಲಗ್ಲಿ ಬಿಡು, ನೀನು ಕೆಲಸಕ್ಕೆ ಹೋಗು ಅಂದಿದ್ದು ನಾನು! ಅದನ್ನ ಅಮ್ಮನಿಗೂ ಹೇಳದೆ, ತಪ್ಪೆಲ್ಲ ನಿನ್ನ ತಲೆಗೆ ಕಟ್ಟಿದೆ. ನೀನ್ಯಾಕೆ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರೆ ನೀನು ಉಳೀತಿದ್ಯಾ? ಅಮ್ಮ ಆಗಲೇ ಒಬ್ಬನ್ನ ಕಳ್ಕೊಂಡಿದ್ರು..."

ಅವಳು ಅಲ್ಲೇ ಕುಸಿದು ಬಿಕ್ಕಿಬಿಕ್ಕಿ ಅತ್ತಳು. ಅವನು ಪಕ್ಕದಲ್ಲಿ ನೆಲದ ಮೇಲೇ ಕೂತ. ಮರದ ಹೊಟ್ಟು ಮೆತ್ತಿದ್ದ ಅವನ ತೋಳು ಅವಳ ತೋಳಿಗೆ ತಾಗಿತು.

"ನಮಗೆ ಗೊತ್ತಿರಲಿಲ್ಲ ಕಣೇ... ಇಬ್ಬರಿಗೂ ಗೊತ್ತಿರಲಿಲ್ಲ."

ಅವಳು ಕಣ್ಣೊರೆಸಿಕೊಂಡಳು.

"ಇವತ್ತು ಅಮ್ಮನಿಗೆ ಎಲ್ಲಾ ಹೇಳ್ತೀನಿ. ಜೊತೆಗೆ ಬರ್ತೀಯಾ?"

"ನನ್ನ ನೋಡಿದ್ರೆ ಬಾಗಿಲು ತೆಗೀತಾರಾ?"

"ಗೊತ್ತಿಲ್ಲ. ನಿಜ ಕೇಳಿದ ಮೇಲೆ ನಂಗೂ ತೆಗೀತಾರೋ ಇಲ್ವೋ..."

ಅವನು ಎದ್ದು ಕೈ ಚಾಚಿದ.

"ತೆಗೆಯೋವರೆಗೂ ಇಬ್ಬರೂ ಹೊರಗೇ ನಿಂತಿರೋಣ. ಬಾ."