ಹದಿನೈದನೇ ಕೋಲು

“ನನ್ನ ಬ್ಯಾಗು ಅವನೇ ಹೊರಬೇಕು!”

ಹರಿಣಿ ಬೆರಳು ತೋರಿಸಿದ ಕಡೆ ಗಾಲ್ಫ್ ಬ್ಯಾಗು ಹೊರುವ ಕ್ಯಾಡಿಗಳ ಮೇಸ್ತ್ರಿ ಬಯ್ಯಪ್ಪ ತಿರುಗಿ ನೋಡಿದರು. ದೂರದಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಮೇಲೆ ವೇಣು ಕೂತಿದ್ದ.

“ಅವ್ನಾ? ಅವ್ನು ಬ್ಯಾಗ್ ಹೊರೋದು ಬಿಟ್ಟು ಮೂರು ವರ್ಷ ಆಯ್ತಲ್ಲಮ್ಮ. ಕೋಲು ಎಣಿಸೋಕೆ ಬರದ ಕ್ಯಾಡಿ ಅಂತ ಯಾರೂ ಕರೀಲೇ ಇಲ್ಲ. ಬೇರೆ ಒಳ್ಳೇ ಹುಡುಗನ್ನ ಕೊಡ್ತೀನಿ ಬಿಡಿ.”

“ನನಗೆ ಅವನೇ ಬೇಕು.”

ಯಂತ್ರ ನಿಂತಿತು. ಅವನು ನಡೆದು ಬಂದ. ಕಣ್ಣಿಗೆ ಕಣ್ಣು ಸೇರಿತು… ಮೂರು ವರ್ಷದ ಮೇಲೆ! ಹಾಳಾದ ಎದೆ ಹಳೆಯ ಹಾಗೇ ಒಮ್ಮೆ ಜಿಗಿಯಿತು. ಥೂ, ಸುಮ್ಮನಿರು ಎಂದು ಹರಿಣಿ ತನ್ನನ್ನೇ ಗದರಿಕೊಂಡಳು.

“ಹೊರ್ತೀಯೇನೋ?”

“ಹೊರ್ತೀನಿ ಮೇಡಂ.”

ಚಿಕ್ಕಬಳ್ಳಾಪುರದ ಬೆಟ್ಟಗಳ ಕೆಳಗಿನ ಆ ಗಾಲ್ಫ್ ಮೈದಾನ ಅವರಿಬ್ಬರಿಗೂ ಹೊಸದಲ್ಲ. ಹರಿಣಿಯ ಅಮ್ಮ ಶಾಂತಕುಮಾರಿ ಅಲ್ಲಿ ಮಂಡಿಯೂರಿ ಕಳೆ ಕೀಳುತ್ತಿದ್ದವಳು. ಅಮ್ಮನ ಜೊತೆ ಬರುತ್ತಿದ್ದ ಹುಡುಗಿ ಪೊದೆಯಲ್ಲಿ ಸಿಕ್ಕ ಚೆಂಡು ಹೊಡೆಯುತ್ತಾ ಬೆಳೆದಳು. ಅವಳ ಮೊದಲ ಬ್ಯಾಗು ಹೊತ್ತವನು ವೇಣು. ಮೊದಲ ಪ್ರೀತಿಯೂ ಅವನೇ.

ಮೂರು ವರ್ಷದ ಹಿಂದೆ ವೃತ್ತಿಪರ ಆಟಗಾರ್ತಿಯ ಕಾರ್ಡ್‌ಗಾಗಿ ಇಲ್ಲೇ ಕೊನೆಯ ದಿನದ ಆಟ. ಬ್ಯಾಗಿನಲ್ಲಿ ಹದಿನಾಲ್ಕೇ ಕೋಲು ಇರಬೇಕೆಂಬುದು ನಿಯಮ. ಹಿಂದಿನ ದಿನ ಹೊಸದೊಂದು ಬಂದಿತ್ತು. “ಹಳೇದನ್ನ ತೆಗೆದು ನಮ್ಮನೇಲಿಡು” ಎಂದು ಹರಿಣಿ ಹೇಳಿದ್ದಳು. ಹದಿನೆಂಟು ಗುಂಡಿಗಳ ಪೈಕಿ ಮೂರನೇ ಹೋಲ್‌ನಲ್ಲಿ ಬ್ಯಾಗಿಗೆ ಕೈ ಹಾಕಿದ ವೇಣು ಬಿಳಚಿಕೊಂಡ. ತಾನೇ ಕೈಯೆತ್ತಿ ರೆಫರಿಯನ್ನು ಕರೆದ.

ಹದಿನೈದು!

ಕಡಿಮೆ ಹೊಡೆತದವರು ಗೆಲ್ಲುವ ಆಟದಲ್ಲಿ ನಾಲ್ಕು ಹೊಡೆತದ ದಂಡ ಬಿತ್ತು. ಕಾರ್ಡ್ ಕೈತಪ್ಪಿದ್ದು ಬರೀ ಎರಡೇ ಹೊಡೆತಕ್ಕೆ!

“ತೆಗೆಯೋದು ಮರೆತುಬಿಟ್ಟೆ” ಎಂದ. ಅಷ್ಟೇ.

“ಇನ್ನು ನನ್ನ ಕಣ್ಣಿಗೆ ಬೀಳ್ಬೇಡ” ಎಂದಳು. ಅದೂ ಅಷ್ಟೇ. ಮನೆಯಲ್ಲೂ ‘ವೇಣು ಏನೋ ಮರೆತು ಹಾಳು ಮಾಡಿದ’ ಎನ್ನುವುದಕ್ಕಿಂತ ಹೆಚ್ಚು ಹೇಳಲಿಲ್ಲ.

ಮರುವರ್ಷ ಕಾರ್ಡ್ ಸಿಕ್ಕಿತು, ಹೆಸರೂ ಬಂತು. ಸಿಟ್ಟು ಮಾತ್ರ ಬೂದಿಯೊಳಗಿನ ಕೆಂಡದ ಹಾಗೆ ಉಳಿಯಿತು. ಈಗ ಅದೇ ಮೈದಾನದಲ್ಲಿ ಮೂರು ದಿನದ ಪಂದ್ಯ.

“ಕೊನೇ ದಿನ, ಅದೇ ಮೂರನೇ ಹೋಲ್‌ನಲ್ಲಿ, ಎಲ್ಲರ ಮುಂದೆ ಬ್ಯಾಗ್ ಇಳಿಸಿ ಆಚೆಗೆ ಕಳಿಸ್ತೀನಿ” ಎಂದು ಜೊತೆ ಆಟಗಾರ್ತಿ ಕವಿತಳಿಗೆ ಹೇಳಿದಳು. “ಮಾನ ಹೋಗೋದು ಅಂದ್ರೇನು ಅಂತ ಅವನಿಗೂ ಗೊತ್ತಾಗ್ಲಿ!”

ಎರಡು ದಿನ ಅವನನ್ನು ಅರೆದಳು. ಬೇಕಿಲ್ಲದಿದ್ದರೂ ಆರು ನೀರಿನ ಬಾಟಲಿ ತುಂಬಿಸಿ ಹೊರಿಸಿದಳು.

“ಗಾಳಿ ಎಡಕ್ಕೆ ಎಳೀತಿದೆ ಮೇಡಂ.”

“ನಿನ್ನ ಕೇಳಿದ್ನಾ?”

ಚೆಂಡು ಎಡಕ್ಕೇ ಹೋಗಿ ಮರಳಿನ ಗುಂಡಿಗೆ ಬಿತ್ತು. ಅವನು ಸುಮ್ಮನೆ ಕೋಲು ಒರೆಸಿಕೊಟ್ಟ. ಆ ಸಹನೆ ನೋಡಿದಷ್ಟೂ ಅವಳಿಗೆ ಉರಿ. ಬಯ್ಯೋ, ಒಂದ್ಸಲ ತಿರುಗಿಸಿ ಬಯ್ಯೋ!

ಮೂರನೇ ದಿನದ ಬೆಳಿಗ್ಗೆ ಹರಿಣಿ ಒಂದು ಹೊಡೆತ ಮುಂದಿದ್ದಳು. ಶಿಡ್ಲಘಟ್ಟದ ಬಸ್ಸಿಳಿದು ಅಪ್ಪ ನಲ್ಲಪ್ಪ ಬಂದ. ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಬಂದ ಕೈಯಲ್ಲಿ ಕೈವಾರದ ಕುಂಕುಮದ ಪೊಟ್ಟಣ. ವೇಣು ನೀರು ತುಂಬಿಸಲು ಹೋಗಿದ್ದ.

“ಹಣೆಗಷ್ಟೇ ಇಡ್ತೀನಮ್ಮ. ಬ್ಯಾಗ್ ಮುಟ್ಟಲ್ಲ ಈ ಸಲ. ನನ್ನ ಪೂಜೆ ನಿಂಗೆ ಆಗಿಬರಲ್ಲ.”

“ಯಾವ ಪೂಜೆ ಅಪ್ಪಾ?”

“ಅದೇ, ಅವತ್ತು… ಹಳೇ ಕೋಲೊಂದು ನಮ್ಮನೆ ಬಾಗಿಲ ಮೂಲೇಲಿ ಒಂಟಿಯಾಗಿ ನಿಂತಿತ್ತಲ್ಲ. ಇಷ್ಟು ದಿನ ದುಡಿದಿದ್ದನ್ನ ಬಿಟ್ಟು ಹೋಗ್ತಾಳಲ್ಲ ಅಂತ ಕುಂಕುಮ ಇಟ್ಟು ನಾನೇ ಬ್ಯಾಗಿಗೆ ಸೇರಿಸ್ದೆ. ಆದ್ರೂ ಆ ಕೈವಾರದ ತಾತಯ್ಯ ಕಣ್ಣು ಬಿಡ್ಲಿಲ್ಲ ನೋಡು!”

ಹರಿಣಿಗೆ ಆ ದಿನದ ಟವೆಲ್ ನೆನಪಾಯಿತು.

ಅವತ್ತು ರೆಫರಿ ಬರುವ ಮುನ್ನ ವೇಣು ಆ ಕೋಲನ್ನು ಟವೆಲ್‌ನಿಂದ ಗಸಗಸ ಉಜ್ಜಿದ್ದ. ಟವೆಲ್ ಮೇಲೆ ಕೆಂಪು… ಗಾಬರಿಗೆ ಕೈ ಗೀರಿಕೊಂಡನೆಂದುಕೊಂಡಿದ್ದಳು.

ಅವನು ಮರೆತಿರಲಿಲ್ಲ. ತೆಗೆದಿಟ್ಟಿದ್ದ!

“ಯಾಕಮ್ಮ, ಮುಖ ಹಿಂಗಾಯ್ತು?”

“ಏನಿಲ್ಲಪ್ಪ… ಬಿಸಿಲು.”

ಮೊದಲೆರಡು ಹೋಲ್ ಹೇಗೆ ಆಡಿದಳೋ ಅವಳಿಗೇ ಗೊತ್ತಿಲ್ಲ. ಇದ್ದ ಮುನ್ನಡೆ ಹೋಯಿತು. ಮೂರನೆಯದಕ್ಕೆ ಬಂದಾಗ ಸುತ್ತ ಜನ. ಕವಿತ ‘ಈಗಲಾ?’ ಎನ್ನುವಂತೆ ನೋಡಿದಳು.

“ಬ್ಯಾಗ್ ಕೆಳಗಿಡು.”

ವೇಣು ಮೆಲ್ಲಗೆ ಇಳಿಸಿದ. “ಹೊರಡ್ಲಾ ಮೇಡಂ?”

“ಇಲ್ಲೇ ಕಳಿಸ್ತೀನಿ ಅಂತ ನಿಂಗೆ ಗೊತ್ತಿತ್ತಾ?”

“ಕವಿತ ಮೇಡಂ ಕ್ಯಾಡಿ ಮೊದಲ್ನೇ ದಿನಾನೇ ಹೇಳ್ದ.”

“ಗೊತ್ತಿದ್ದೂ ಯಾಕೋ ಬಂದೆ?”

“ಎರಡು ದಿನ ಜೊತೇಲಿ ನಡೀಬಹುದಲ್ಲಾ ಅಂತ…”

ಅವಳು ದನಿ ತಗ್ಗಿಸಿದಳು. “ಅವತ್ತು ಒರೆಸಿದ್ದು ಕುಂಕುಮ ತಾನೇ?”

ವೇಣುವಿನ ಮುಖದ ರಕ್ತವೆಲ್ಲ ಇಳಿಯಿತು. “ನಲ್ಲಪ್ಪಣ್ಣಂಗೆ ಹೇಳಿಬಿಟ್ಯಾ? ಹೇಳ್ಬೇಡ ಹರಿಣಿ, ಬದುಕಿರೋವರೆಗೂ ತಮ್ಮ ಕೈನೇ ಶಪಿಸ್ಕೋತಾರೆ. ಬೆಳಿಗ್ಗೆ ಎಣಿಸದೇ ಇದ್ದಿದ್ದು ನಾನು. ಅದು ನನ್ನ ತಪ್ಪೇ.”

“ಮೂರು ವರ್ಷ ಕಣೋ! ನೀನು ಹಾಳಾಗ್ಲಿ ಅಂತ ದಿನಾ ಬೇಡ್ಕೊಂಡೆ. ನಿಜಕ್ಕೂ ಹಾಳಾದೆ! ನನಗಾದ್ರೂ ಹೇಳ್ಬಾರ್ದಿತ್ತಾ? ಅದನ್ನ ನನ್ನಿಂದ ಮುಚ್ಚಿಡೋ ಹಕ್ಕು ನಿಂಗ್ಯಾರು ಕೊಟ್ರು?”

“ಹೇಳಿದ್ರೆ ಆ ಸಿಟ್ಟನ್ನ ಅಪ್ಪನ ಮೇಲೆ ಇಡ್ತಿದ್ದೆ. ನನ್ನ ಮೇಲಿದ್ರೆ… ಆಟಕ್ಕಾದ್ರೂ ಆಗುತ್ತೆ ಅಂದ್ಕೊಂಡೆ.”

ಅದು ನಿಜವೇ. ಹೇಳಿದ್ದರೆ ಅವಳು ಹಾಗೇ ಮಾಡುತ್ತಿದ್ದಳು… ಅಪ್ಪನ ಮುಖ ನೋಡದೆ ಮೂರು ವರ್ಷ ಕಳೆಯುತ್ತಿದ್ದಳು.

“ಮೇಡಂ, ನಿಮ್ಮ ಸರದಿ” ಎಂದರು ರೆಫರಿ.

ಹರಿಣಿ ಕಣ್ಣೊರೆಸಿಕೊಂಡಳು. “ಬ್ಯಾಗ್ ಎತ್ತು. ಗಾಳಿ ಯಾವ ಕಡೆಗಿದೆ, ಹೇಳು.”

ಆ ದಿನ ಅವಳು ಗೆಲ್ಲಲಿಲ್ಲ. ಒಂದೇ ಹೊಡೆತದ ಅಂತರದಲ್ಲಿ ಎರಡನೆಯವಳಾದಳು.

ಹೊಂಗೆ ಮರದ ನೆರಳಲ್ಲಿ ಕಾದಿದ್ದ ನಲ್ಲಪ್ಪ ಸೀದಾ ವೇಣುವಿನ ಮೇಲೆ ಬಿದ್ದ. “ಈ ಸಲಾನೂ ಏನ್ ಮರೆತ್ಯೋ ಮಹರಾಯ? ಒಂದೇ ಒಂದ್ರಲ್ಲಿ ಹೋಯ್ತಲ್ಲೋ! ನನ್ ಮಗಳ ಪಾಲಿಗೆ ಶನಿ ಆಗಿದೀಯ ನೀನು!”

“ಹೂಂ ನಲ್ಲಪ್ಪಣ್ಣ” ಎಂದು ವೇಣು ತಲೆ ತಗ್ಗಿಸಿದ.

ಹರಿಣಿಯ ನಾಲಿಗೆಯ ತುದಿಗೆ ನಿಜ ಬಂದು ನಿಂತಿತು. ವೇಣು ಕಣ್ಣಲ್ಲೇ ಬೇಡಿಕೊಂಡ. ಅವಳು ಅಪ್ಪನ ಸೊಪ್ಪಿನ ಕಲೆಯ ಕೈ ನೋಡಿದಳು. ನಿಜವನ್ನು ನುಂಗಿಕೊಂಡಳು.

“ಅಪ್ಪಾ, ನಾನು ಇವನನ್ನ ಮದುವೆ ಆಗ್ತೀನಿ.”

ವೇಣುವಿನ ಹೆಗಲಿಂದ ಬ್ಯಾಗು ಜಾರಿತು.

“ಈ ಮರೆಗುಳೀನಾ?!” ನಲ್ಲಪ್ಪ ಬಾಯಿ ಬಿಟ್ಟ. “ತಾಳಿ ಕಟ್ಟೋದನ್ನೇ ಮರೆತ್ರೆ ಏನಮ್ಮ ಮಾಡ್ತೀಯ?”

“ನಾನೇ ಕೈ ಹಿಡಿದು ಕಟ್ಟಿಸ್ಕೋತೀನಿ.”

“ನಿಮ್ಮಮ್ಮಂಗೆ ನೀನೇ ಹೇಳ್ಕೋ, ನನ್ನ ಕೈಲಾಗಲ್ಲ!” ಎಂದು ಗೊಣಗುತ್ತಾ ಅವನು ಹೊರಟ. ಹತ್ತು ಹೆಜ್ಜೆ ಹೋದವನು ಯಾರಿಗೂ ಕಾಣದಂತೆ ನಕ್ಕ.

ಹರಿಣಿ ವೇಣುವಿನ ಪಕ್ಕಕ್ಕೆ ಬಂದು ನಿಂತಳು.

“ಜೀವಮಾನ ಪೂರ್ತಿ ಹಿಂಗೇ ಬೈಸ್ಕೋಬೇಕಾಗುತ್ತೆ ಕಣೋ. ಯೋಚ್ನೆ ಮಾಡು.”

“ಮಾವನ ಬಾಯಲ್ಲಿ ತಾನೇ…” ಅವನ ಕಣ್ಣು ತುಂಬಿತ್ತು. “ಬೈಸ್ಕೋತೀನಿ ಬಿಡು.”