ಮನೆ ನೋಡಲು ಬಂದವರು

"ನೀನ್ಯಾಕಮ್ಮ ಇಲ್ಲೇ ನಿಂತೆ? ನಿಮ್ಮ ಮನೆಯವರೆಲ್ಲ ಒಳಗೆ ಹೋದ್ರಲ್ಲ, ನೀನೂ ಹೋಗು," ಎಂದ ಏಜೆಂಟ್ ಬ್ರೆಂಟ್.

ಒಳಗೆ ಹೋದವರು ಟೀಗನ್‌ಳ ಮನೆಯವರಲ್ಲ. ಅವರನ್ನು ಅವಳು ನೋಡಿದ್ದೇ ಈಗ. ನಿಜ ಹೇಳಬೇಕೆಂದರೆ ಅವಳದಾಗಿದ್ದುದು ಆ ಮನೆ. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಅವಳು ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ತನ್ನದೇ ಮನೆಯ ಹೊಸ್ತಿಲ ಮೇಲೆ ಕಾಲಿಟ್ಟಳು.

"ಶೂ ಬಿಚ್ಚು," ಎಂದು ಪಕ್ಕದಿಂದ ಒಬ್ಬ ಹುಡುಗಿ ಪಿಸುಗುಟ್ಟಿದಳು. ಅವಳಿಗೂ ಟೀಗನ್‌ಳಷ್ಟೇ ವಯಸ್ಸಿರಬೇಕು. ಅವಳ ಅಪ್ಪ, ಅಮ್ಮ, ಅಜ್ಜಿ ಎಲ್ಲರ ಚಪ್ಪಲಿ ಶೂಗಳು ಬಾಗಿಲಲ್ಲಿ ಸಾಲಾಗಿ ಕೂತಿದ್ದವು. ಹಾಗೇನೂ ಬೇಕಿಲ್ಲ ಎಂದು ಬ್ರೆಂಟ್ ಹೇಳಿದರೂ ಆ ಅಜ್ಜಿ ಕೇಳಿರಲಿಲ್ಲ. ಟೀಗನ್ ವಿಧಿಯಿಲ್ಲದೆ ಶೂ ಬಿಚ್ಚಿದಳು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು.

ಮನೆ ಮಾರಾಟಕ್ಕಿದ್ದರೆ ಶನಿವಾರ ಅರ್ಧ ಗಂಟೆ ಬಾಗಿಲು ತೆರೆದಿಡುತ್ತಾರೆ. ಯಾರು ಬೇಕಾದರೂ ಬಂದು ನೋಡಬಹುದು. ಅಲ್ಲಿ ವಾಸವಿರುವವರು ಮಾತ್ರ ಆ ಹೊತ್ತು ಇರಬಾರದು ಎಂದು ಬ್ರೆಂಟ್ ಫೋನಿನಲ್ಲೇ ಹೇಳಿದ್ದ. ಬೆಳಿಗ್ಗೆ ಅಮ್ಮ ಟೋಸ್ಟರ್ ಅನ್ನೂ, ಪಾತ್ರೆ ಒರೆಸುವ ಬಟ್ಟೆಯನ್ನೂ ಕಪಾಟಿನೊಳಗೆ ಬಚ್ಚಿಟ್ಟಿದ್ದಳು, ಈ ಮನೆಯಲ್ಲಿ ಯಾರೂ ತಿಂದೇ ಇಲ್ಲ ಅನ್ನುವ ಹಾಗೆ. ಆಮೇಲೆ ಟೀಗನ್‌ಳನ್ನು ಪಕ್ಕದ ಗ್ಲೆನಿಸ್ ಅಜ್ಜಿಯ ಮನೆಯಲ್ಲಿ ಬಿಟ್ಟು, ವೃದ್ಧಾಶ್ರಮದ ಕೆಲಸಕ್ಕೆ ಹೋಗಿದ್ದಳು.

ಅವರದ್ದು ಜೋಡಿಮನೆ. ಕೆಂಪು ಇಟ್ಟಿಗೆಯ ಒಂದೇ ಕಟ್ಟಡ, ನಡುವೆ ಒಂದೇ ಗೋಡೆ. ಆ ಕಡೆ ಗ್ಲೆನಿಸ್ ಅಜ್ಜಿ, ಈ ಕಡೆ ಇವರು. ಅಡಿಲೇಡಿನಿಂದ ಉತ್ತರಕ್ಕೆ, ರೈಲಿನ ಕೊನೆಗಿರುವ ವಾರ್ಡೆಲ್ ಪಾರ್ಕ್‌ನಲ್ಲಿ ಹೆಚ್ಚಿನ ಮನೆಗಳೆಲ್ಲ ಹೀಗೇ. ಮೊದಲು ಈ ಊರಿನ ಹೆಸರು ಹೇಳಿದರೆ ಜನ ಮೂಗು ಮುರಿಯುತ್ತಿದ್ದರಂತೆ. ಈಗ ಬೇರೆಲ್ಲೂ ಮನೆ ಕೈಗೆ ಎಟುಕದೆ ಎಲ್ಲರೂ ಇಲ್ಲಿಗೇ ಮುಗಿಬೀಳುತ್ತಿದ್ದರು. ಮುರಿದ ಮೂಗನ್ನೆಲ್ಲ ನೆಟ್ಟಗೆ ಮಾಡಿಕೊಂಡು ಬರ್ತಿದ್ದಾರೆ ಎಂದು ಗ್ಲೆನಿಸ್ ಅಜ್ಜಿ ನಗುತ್ತಿದ್ದಳು.

ಟೀಗನ್ ಮತ್ತು ಅಮ್ಮ ಬಾಡಿಗೆಗೆ ಇದ್ದವರು. ಅಮ್ಮ ವಿಷಯವನ್ನು ಸುತ್ತಿ ಬಳಸದೆ ಹೇಳಿದ್ದಳು. ಬಾಡಿಗೆಗೆ ಕೊಡಲೆಂದು ಯಾರಾದರೂ ಕೊಂಡರೆ ನಾವು ಇಲ್ಲೇ ಇರಬಹುದು. ತಾವೇ ಇರಲು ಕೊಂಡರೆ ನಾವು ಬಿಡಬೇಕು. ಬಿಟ್ಟರೆ ಈ ಊರಲ್ಲಿ ಇನ್ನೊಂದು ಬಾಡಿಗೆ ಮನೆ ಸಿಗುವುದು ಕಷ್ಟ. ಸ್ಕೂಲೂ ಬದಲಾದೀತು.

ಅಂದಿನಿಂದ ಟೀಗನ್‌ಗೆ ಒಂದೇ ಯೋಚನೆ. ಯಾರು ಕೊಳ್ಳುತ್ತಾರೆ? ಕುತೂಹಲ ಅವಳಿಗೆ ಸೊಳ್ಳೆ ಕಚ್ಚಿದ ಹಾಗೆ, ಕೆರೆದುಕೊಳ್ಳದೆ ಇರಲು ಆಗುತ್ತಿರಲಿಲ್ಲ. ಗ್ಲೆನಿಸ್ ಅಜ್ಜಿ ಒಂದು ಗುಟ್ಟು ಬೇರೆ ಹೇಳಿಕೊಟ್ಟಿದ್ದಳು. "ಓವನ್ ಒಲೆಯ ಬಾಗಿಲು ತೆಗೆದು ನೋಡೋರು ಇರೋಕೆ ಬರೋರು. ಗೋಡೆ ತಟ್ಟಿ ಫೋನ್ ನೋಡ್ಕೊಳ್ಳೋರು ಬಾಡಿಗೆಗೆ ಕೊಡೋರು. ನೀನೇ ನೋಡು ಬೇಕಾದ್ರೆ." ಅಜ್ಜಿ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಾ ತೂಕಡಿಸಿದ್ದೇ ತಡ, ಟೀಗನ್ ಹೊರಬಿದ್ದು ಸಾಲಿನಲ್ಲಿ ನಿಂತುಬಿಟ್ಟಿದ್ದಳು.

ಒಳಗೆ ಮನೆ ತುಂಬ ಜನ. ಬಿಳಿ ಶೂ ಹಾಕಿದ ಒಬ್ಬ ಗೋಡೆ ತಟ್ಟಿದ, ಫೋನ್ ನೋಡಿದ, ಬಾಡಿಗೆ ಎಷ್ಟು ಬರುತ್ತದೆ ಎಂದು ಬ್ರೆಂಟ್‌ನನ್ನು ಕೇಳಿದ. ರೂಮುಗಳ ಕಡೆ ತಲೆ ಸಹ ಹಾಕಲಿಲ್ಲ. ಇವನೇ ಆಗಲಿ ದೇವರೇ ಎಂದುಕೊಂಡಳು ಟೀಗನ್.

ಅಡುಗೆಮನೆಯಲ್ಲಿ ಗಂಡ ಹೆಂಡತಿ ಇಬ್ಬರು ನಿಂತು, ಇದು ಇಷ್ಟು ಚಿಕ್ಕದು, ಅಷ್ಟು ಹಳೆಯದು, ಈ ಗೋಡೆ ಒಡೆಯಲೇಬೇಕು ಎಂದು ಮಾತಾಡಿಕೊಳ್ಳುತ್ತಿದ್ದರು. ಟೀಗನ್‌ಗೆ ತನ್ನನ್ನೇ ಬೈದಂತಾಯಿತು. ತನ್ನ ಮನೆ ಹಳೆಯದು ಎಂದು ಅಲ್ಲಿಯವರೆಗೆ ಅವಳಿಗೆ ಗೊತ್ತೇ ಇರಲಿಲ್ಲ. ಅವರ ಹಿಂದೆ, ಶೂ ಬಿಚ್ಚು ಎಂದಿದ್ದ ಹುಡುಗಿಯ ಅಮ್ಮ ಬಂದರು. ಬಂದವರೇ ಒಲೆಯ ಬಾಗಿಲು ತೆಗೆದರು. ಬಗ್ಗಿ ಒಳಗೆಲ್ಲ ನೋಡಿ ಗಂಡನನ್ನು ಕರೆದರು.

ಇವರು ಇರೋಕೆ ಬಂದವರು.

ಆ ಹುಡುಗಿಯನ್ನು ಹುಡುಕಿಕೊಂಡು ಹೋದರೆ ಅವಳು ಟೀಗನ್‌ಳದೇ ರೂಮಿನ ನಡುವೆ ಎರಡೂ ಕೈ ಚಾಚಿ ನಿಂತಿದ್ದಳು. ಅವಳ ಹೆಸರು ಬಿನಿತಾ ಗುರುಂಗ್. ನೇಪಾಳಿ ಮಾತಾಡುವ ಭೂತಾನಿನವರು. ಈಗ ಚಿಕ್ಕಪ್ಪನ ಮನೆಯಲ್ಲಿ, ಅಜ್ಜಿ, ಚಿಕ್ಕಮ್ಮ, ಇಬ್ಬರು ತಂಗಿಯರ ಜೊತೆ ಒಂದೇ ರೂಮಿನಲ್ಲಿ ಮಲಗುತ್ತಿದ್ದಳಂತೆ. ಕೇಳದೇ ಎಲ್ಲ ಹೇಳಿದಳು.

ಇವಳನ್ನು ಹೆದರಿಸಿ ಓಡಿಸಬೇಕು ಎಂದು ಟೀಗನ್ ಆಗಲೇ ತೀರ್ಮಾನಿಸಿಬಿಟ್ಟಳು.

"ಈ ರೂಮ್ ಚೆನ್ನಾಗಿಲ್ಲ. ಮಧ್ಯಾಹ್ನ ಆದ್ರೆ ಬಿಸಿಲು ನೆಟ್ಟಗೆ ಬೆಡ್ ಮೇಲೇ ಬೀಳುತ್ತೆ. ಬೇಸಿಗೇಲಿ ಬೆಂದು ಹೋಗ್ತೀವಿ."

ಬಿನಿತಾ ಕಿಟಕಿ ನೋಡಿದಳು, ಬೆಡ್ ನೋಡಿದಳು. "ಹೌದಲ್ವಾ? ಬೆಡ್ ಆ ಮೂಲೇಲಿ ಹಾಕಿದ್ರೆ ಆಯ್ತಪ್ಪ. ಇಲ್ಲಿ ಯಾವ ಪೆದ್ದರು ಹಾಕಿದ್ದು?"

ಪೆದ್ದರು ಯಾರೆಂದು ಟೀಗನ್ ಹೇಳಲಿಲ್ಲ. ಪಕ್ಕದ ಮನೆಯ ನಾಯಿ ಬೊಗಳಿ ಬೊಗಳಿ ಪ್ರಾಣ ತಿನ್ನುತ್ತದೆ ಎಂದಳು. ಹಾಗಾದರೆ ಕಳ್ಳರು ಬರುವುದಿಲ್ಲ, ಅಜ್ಜಿಗೆ ಖುಷಿಯಾಗುತ್ತದೆ ಎಂದಳು ಬಿನಿತಾ. ಏನು ಹೇಳಿದರೂ ಅವಳು ಅದನ್ನು ಬುದ್ಧಿಮಾತೆಂದೇ ತಿಳಿದು ತಲೆಯಾಡಿಸುತ್ತಿದ್ದಳು. ಟೀಗನ್‌ಗೆ ರೇಗಿಹೋಯಿತು.

"ಹಿಂದುಗಡೆ ಶೆಡ್ ಕೆಳಗೆ ಹಾವಿದೆ," ಎಂದುಬಿಟ್ಟಳು.

ಬಿನಿತಾಳ ಕಣ್ಣು ಅಗಲವಾದವು. ಹಿತ್ತಲಿಗೆ ಓಡಿದಳು. ಟೀಗನ್ ಅವಳ ಹಿಂದೆಯೇ ಹೋದಳು. ಬಿನಿತಾಳ ಅಜ್ಜಿ ಬೇಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಮಣ್ಣು ತೆಗೆದುಕೊಂಡು ಬೆರಳಲ್ಲಿ ಪುಡಿ ಮಾಡುತ್ತಿದ್ದರು. ಮೊಮ್ಮಗಳು ಹೇಳಿದ್ದನ್ನು ಕೇಳಿ ಅವರು ಬಾಯ್ತುಂಬ ನಕ್ಕರು. ಏನೋ ಹೇಳಿದರು.

"ಹಾವಿದ್ರೆ ಇಲಿ ಕಾಟ ಇರಲ್ಲ ಅಂತಾರೆ ಅಜ್ಜಿ," ಎಂದಳು ಬಿನಿತಾ.

ಅಷ್ಟು ಹೊತ್ತಿಗೆ ಗ್ಲೆನಿಸ್ ಅಜ್ಜಿಯ ನಾಯಿ ಬೇಲಿಯ ಸಂದಿಯಿಂದ ಮೂತಿ ತೂರಿಸಿತು. ಬಿನಿತಾಳನ್ನು ನೋಡಿ ಬೊಗಳಿತು, ಅಜ್ಜಿಯನ್ನು ನೋಡಿ ಬೊಗಳಿತು. ಟೀಗನ್ ಹತ್ತಿರ ಹೋದೊಡನೆ ಬಾಲ ಆಡಿಸಿ ಕೈ ನೆಕ್ಕಿತು. ಬಿನಿತಾ ಅದನ್ನೇ ನೋಡಿದಳು.

"ಇದು ನಿನ್ನ ಮನೆ ಅಲ್ವಾ?" ಎಂದಳು.

ಟೀಗನ್ ಹೌದೆಂದು ತಲೆಯಾಡಿಸಿದಳು.

"ನಾವು ತಗೊಂಡ್ರೆ ನೀವೆಲ್ಲಿಗೆ ಹೋಗ್ತೀರಾ?"

"ಗೊತ್ತಿಲ್ಲ."

ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಬಿನಿತಾ ಒಂದೆರಡು ಎಸಳು ಹುಲ್ಲು ಕಿತ್ತಳು. ಪ್ರತಿ ಶನಿವಾರ ನಾವು ಮನೆ ನೋಡೋದೇ ಆಯ್ತು, ಇಷ್ಟವಾಗಿದ್ದನ್ನೆಲ್ಲ ಬೇರೆ ಯಾರೋ ಜಾಸ್ತಿ ಕೊಟ್ಟು ತಗೊಂಡುಬಿಡುತ್ತಾರೆ ಎಂದಳು. ದೂರಿನ ಹಾಗೆ ಹೇಳಲಿಲ್ಲ, ಸುಮ್ಮನೆ ಹೇಳಿದಳು.

"ಹಾವು ನಿಜಾನಾ?"

"ಸುಳ್ಳು," ಎಂದಳು ಟೀಗನ್. "ಬಿಸಿಲು ನಿಜ."

ಆಮೇಲಿನ ದಿನಗಳು ಟೀಗನ್‌ಗೆ ಕಷ್ಟವಾದವು. ಮೊದಲಾದರೆ ಯಾರು ಬರಬಾರದು ಎಂದು ಅವಳಿಗೆ ಸರಿಯಾಗಿ ಗೊತ್ತಿತ್ತು. ಈಗ ಬೇಡಿಕೊಳ್ಳಲು ಕಣ್ಣು ಮುಚ್ಚಿದರೆ ಸಾಕು, ಕೈ ಚಾಚಿ ನಿಂತ ಬಿನಿತಾ ಕಾಣುತ್ತಿದ್ದಳು. ಆದರೂ ಟೀಗನ್ ತನಗಾಗಿಯೇ ಬೇಡಿಕೊಂಡಳು. ಅವಳೇನೂ ದೇವತೆಯಲ್ಲ. ಮನೆ ಬಿಡಲು ಅವಳಿಗೆ ಭಯವಿತ್ತು.

ಒಂದು ಸಂಜೆ ಸ್ಕೂಲಿನಿಂದ ಬಂದರೆ, ಮನೆ ಮುಂದೆ ಹುಲ್ಲಿನಲ್ಲಿ ನೆಟ್ಟಿದ್ದ 'ಮಾರಾಟಕ್ಕಿದೆ' ಬೋರ್ಡಿಗೆ ಅಡ್ಡಲಾಗಿ 'ಮಾರಾಟವಾಗಿದೆ' ಎಂದು ಕೆಂಪು ಪಟ್ಟಿ ಅಂಟಿಸಿದ್ದರು. ಅಮ್ಮ ಅಡುಗೆಮನೆಯಲ್ಲಿ ಅಳುತ್ತಿದ್ದಳು. ಟೀಗನ್ ಚೀಲ ಬಿಸಾಕಿ ಓಡಿದಳು. ಹತ್ತಿರ ಹೋದಾಗ ಅಮ್ಮ ಅವಳನ್ನು ಬಾಚಿ ತಬ್ಬಿಕೊಂಡು ನಕ್ಕಳು.

"ನಾವೆಲ್ಲೂ ಹೋಗ್ಬೇಕಿಲ್ಲ ಕಣೆ. ಸಿಡ್ನಿಯೋರು ಯಾರೋ ತಗೊಂಡಿದ್ದಾರಂತೆ. ಬಾಡಿಗೆಗೆ."

"ಬಿಳಿ ಶೂ ಹಾಕಿದ್ದೋರಾ?"

"ಯಾವ ಶೂನೋ ಏನೋ. ಅವರು ಇಲ್ಲಿಗೆ ಬಂದೇ ಇಲ್ವಂತೆ. ಫೋನಲ್ಲಿ ಫೋಟೊ ನೋಡಿ ತಗೊಂಡ್ರಂತೆ."

ಟೀಗನ್ ಹುಲ್ಲಿನ ಮೇಲೆ ಲಾಗ ಹಾಕಿದಳು. ಗ್ಲೆನಿಸ್ ಅಜ್ಜಿಯ ನಾಯಿಗೆ ಮುತ್ತು ಕೊಟ್ಟಳು. ಆ ಸಂಜೆ ಮೀನು, ಆಲೂ ಚಿಪ್ಸ್ ತಂದು ಮೆಟ್ಟಿಲ ಮೇಲೇ ಕೂತು ತಿಂದರು. ತಿನ್ನುತ್ತಾ ತಿನ್ನುತ್ತಾ ಟೀಗನ್‌ಗೆ ಒಂದು ವಿಷಯ ವಿಚಿತ್ರವೆನಿಸಿತು. ಅಷ್ಟು ಜನ ಬಂದು ಒಲೆ ತೆಗೆದು, ಗೋಡೆ ತಟ್ಟಿ, ಮಣ್ಣು ಮುಟ್ಟಿ ನೋಡಿದರು. ಮನೆ ಸಿಕ್ಕಿದ್ದು ಹೊಸ್ತಿಲನ್ನೂ ದಾಟದವರಿಗೆ. ಶೂ ಬಿಚ್ಚಿದ ಆ ಗುರುಂಗ್ ಮನೆಯವರು ಏನಾದರು ಎಂದು ಅಮ್ಮನನ್ನು ಕೇಳಿದಳು. ಅವರೂ ಮನೆಗೆ ಬೆಲೆ ಹೇಳಿದ್ದರು, ಸ್ವಲ್ಪದರಲ್ಲಿ ತಪ್ಪಿಹೋಯಿತು ಎಂದು ಬ್ರೆಂಟ್ ಹೇಳಿದನಂತೆ. ಪಾಪ, ಎಂದಳು ಅಮ್ಮ. ಚಿಪ್ಸ್ ಇನ್ನೂ ಉಳಿದಿದ್ದವು, ಟೀಗನ್‌ಗೆ ಸಾಕಾಗಿತ್ತು.

ಮುಂದಿನ ಶನಿವಾರ ರೈಲ್ವೆ ಸ್ಟೇಷನ್ನಿನ ಹತ್ತಿರದ ಬೀದಿಯಲ್ಲಿ ಇನ್ನೊಂದು ಮನೆಯ ಮುಂದೆ ಸಾಲು ನಿಂತಿತ್ತು. ಸೈಕಲ್ ಮೇಲೆ ಹೋಗುತ್ತಿದ್ದ ಟೀಗನ್‌ಗೆ ಮೊದಲು ಕಂಡದ್ದು ಬಿನಿತಾಳ ಅಜ್ಜಿ. ಹಾಗೇ ಹೋಗಿಬಿಡಲೇ ಎನಿಸಿತು. ಅಷ್ಟರಲ್ಲಿ ಬಿನಿತಾ ನೋಡಿಬಿಟ್ಟಳು.

"ಉಳ್ಕೊಂಡ್ರಾ?"

"ಹೂಂ."

"ಒಳ್ಳೇದಾಯ್ತು," ಎಂದಳು ಬಿನಿತಾ. ಹಾಗೆಂದು ನೆಲ ನೋಡಿದಳು. ಅವಳು ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಟೀಗನ್‌ಗೆ. ಆಮೇಲೆ ಬಿನಿತಾಳೇ ಅವಳ ತೋಳು ಎಳೆದಳು. "ನೀನೂ ಬಾ. ನಿನಗೆ ಮನೆ ವಿಷಯ ಎಲ್ಲ ಗೊತ್ತಾಗುತ್ತೆ."

ಟೀಗನ್ ಈ ಸಲ ಮನಸಾರೆ ಹೋದಳು. ಎಲ್ಲ ನಲ್ಲಿ ತಿರುಗಿಸಿದಳು. ಗೋಡೆಗೆ ಮೂಗಿಟ್ಟು ತೇವದ ವಾಸನೆ ಇದೆಯೇ ನೋಡಿದಳು. ಬೇಸಿಗೆಯ ಬಿಸಿಗಾಳಿ ಬೀಸುವ ಉತ್ತರದ ಕಡೆಗೆ ದೊಡ್ಡ ಅಂಜೂರದ ಮರವೇ ಇತ್ತು. ಹಿಂದಿನ ರೂಮಿನ ಕಿಟಕಿ ಪೂರ್ವಕ್ಕಿತ್ತು, ಮಧ್ಯಾಹ್ನದ ಬಿಸಿಲಿನ ಕಾಟವಿಲ್ಲ. ಮುಂದಿನ ರೂಮ್ ಚಿಕ್ಕದಾದರೂ ತಂಪಾಗಿತ್ತು. ಇದು ಒಳ್ಳೆಯ ಮನೆ, ಇದನ್ನೇ ತಗೊಳ್ಳಿ ಎಂದು ಬಿನಿತಾಳ ಅಪ್ಪನಿಗೂ ಹೇಳಿದಳು. ಅವರು ಅವಳ ಮಾತನ್ನು ದೊಡ್ಡವರ ಮಾತಿನಂತೆ ಗಂಭೀರವಾಗಿ ಕೇಳಿಸಿಕೊಂಡರು. ಟೀಗನ್‌ಗೆ ಹೆಮ್ಮೆಯಾಯಿತು.

ಮುಂದಿನ ಚಿಕ್ಕ ರೂಮಿನಲ್ಲಿ ನೆಲದ ಮೇಲೆ ಒಂದು ಟವೆಲ್ ಹರಡಿತ್ತು. ಬಿನಿತಾ ಅದರ ಅಂಚು ಎತ್ತಿದಳು. ಕೆಳಗೆ ಅರ್ಧ ಜೋಡಿಸಿದ ಚಿತ್ರದ ಚೂರುಗಳು. ಗುಲಾಬಿ ಎದೆಯ ಒಂದು ಕಾಕಾಟೂ ಹಕ್ಕಿ, ತಲೆ ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿ ಟೀಗನ್‌ಳ ಸ್ಕೂಲಿನದೇ ಚೀಲ ಇತ್ತು.

"ಮುಟ್ಟಬೇಡ," ಎಂದಳು ಟೀಗನ್. ಟವೆಲನ್ನು ಮೆಲ್ಲಗೆ ಮೊದಲಿದ್ದ ಹಾಗೆಯೇ ಹೊದಿಸಿದಳು. ಕಿಟಕಿಯ ಹತ್ತಿರ ಹೋಗಿ ನೋಡಿದಳು.

ರಸ್ತೆಯ ಆಚೆ, ಫುಟ್‌ಪಾತಿನ ಕಲ್ಲಂಚಿನ ಮೇಲೆ ಒಬ್ಬ ಪುಟ್ಟ ಹುಡುಗಿ ಕೂತಿದ್ದಳು. ಎರಡನೇ ಕ್ಲಾಸಿನವಳಿರಬೇಕು. ಮಡಿಲಲ್ಲಿ ಗಿನಿ ಪಿಗ್‌ನ ಪಂಜರ ಇತ್ತು. ಒಳಗೆ ಹೋಗುವವರನ್ನೂ ಹೊರಗೆ ಬರುವವರನ್ನೂ ಒಬ್ಬೊಬ್ಬರನ್ನಾಗಿ, ರೆಪ್ಪೆ ಬಡಿಯದೆ ನೋಡುತ್ತಿದ್ದಳು.

ಟೀಗನ್ ಹೊರಗೆ ಬಂದು, ರಸ್ತೆ ದಾಟಿ ಅವಳ ಪಕ್ಕ ಕೂತಳು.

"ಅವರು ಒಲೆ ತೆಗೆದು ನೋಡಿದ್ರಾ?" ಎಂದು ಕೇಳಿದಳು ಆ ಹುಡುಗಿ. ಗ್ಲೆನಿಸ್ ಅಜ್ಜಿಯ ಗುಟ್ಟು ಈ ಊರಿಗೆಲ್ಲ ಗೊತ್ತಿತ್ತೋ ಏನೋ.

ಇಲ್ಲ ಎನ್ನುವುದು ಸುಲಭವಿತ್ತು. "ನೋಡಿದ್ರು," ಎಂದಳು ಟೀಗನ್.

ಹುಡುಗಿ ಪಂಜರವನ್ನು ಎದೆಗೆ ಒತ್ತಿಕೊಂಡಳು. ಟೀಗನ್ ಆ ಪ್ರಾಣಿಯ ಹೆಸರು ಕೇಳಿದಳು. ಮಿಲ್ಲೆಟ್ ಎಂದಳು ಹುಡುಗಿ, ತೀರ ಸಣ್ಣ ದನಿಯಲ್ಲಿ. ಎದುರಿನ ಚಿಕ್ಕ ರೂಮಿನ ಕಿಟಕಿಯಲ್ಲಿ ಬಿನಿತಾ ಕಾಣಿಸಿಕೊಂಡು, ಮುಖ ಅರಳಿಸಿಕೊಂಡು ಕೈ ಬೀಸಿದಳು.

ಟೀಗನ್ ಕೈ ಎತ್ತಿದಳು. ಅರ್ಧಕ್ಕೆ ಬಂದ ಮೇಲೆ ಪಕ್ಕದವಳ ಮುಖ ನೋಡಿದಳು. ಆ ಹುಡುಗಿಯೂ ಅದೇ ಕಿಟಕಿಯನ್ನು ನೋಡುತ್ತಿದ್ದಳು. ಟೀಗನ್ ಕೈ ಕೆಳಗಿಳಿಸಿ, ಅವಳಿಗೆ ಇನ್ನಷ್ಟು ಹತ್ತಿರ ಸರಿದು ಕೂತಳು.