ನೂರಹದಿನೆಂಟನೆಯ ಗಾಜು

"ಆ ಹೆಸರು ಕೂಗಬೇಡಿ ಸರ್. ರಕ್ತವನ್ನೂ ತೆಗೆಯಬೇಡಿ. ಒಂದು ನಂಬರು ಬಿಟ್ಟರೆ ಆಕಾಶ ಬೀಳುವುದಿಲ್ಲ."

ಸರಸ ಇದನ್ನು ಹೇಳಿದ್ದು 1978ರ ಡಿಸೆಂಬರ್ 12, ಮಂಗಳವಾರ, ಹೊನ್ನೆಗುಡ್ಡೆಯ ಕಾಫಿ ತೋಟದ ಔಷಧಾಲಯದಲ್ಲಿ. ಆಕೆ ಅಲ್ಲಿನ ಆಯಾ. ಕಾರ್ಕಳದವಳು, ಘಟ್ಟ ಹತ್ತಿ ಇಪ್ಪತ್ತು ವರ್ಷವಾಗಿತ್ತು. ಕೇಳಿಸಿಕೊಂಡವನು ಹೃಷೀಕೇಶ. ಇಪ್ಪತ್ತಾರು ವರ್ಷ, ಇನ್ನಂಜೆಯವನು, ಉಡುಪಿಯಲ್ಲಿ ಡಾಕ್ಟರ್ ಪ್ರಭಾವತಿಯವರ ರಕ್ತಪರೀಕ್ಷಾ ಪ್ರಯೋಗಾಲಯದಲ್ಲಿ ಸಹಾಯಕ.

"ಎಂತ ಸರಸಕ್ಕ, ಹೆಸರು ಕೂಗಿದರೆ ನನ್ನ ಬಾಯಿ ಸುಡುತ್ತದಾ?"

"ನೀವು ನಗಿ. ಅದಕ್ಕೆ ಹೆಸರು ಗೊತ್ತುಂಟು, ದಾರಿ ಗೊತ್ತಿಲ್ಲ. ಆ ಹೆಸರಿಗೆ ಒಂದು ಹನಿ ರಕ್ತ ಬಿದ್ದರೆ ದಾರಿ ಸಿಗ್ತದೆ."

"ಅದು ಅಂದರೆ ಯಾವುದು?"

ಸರಸ ಕಿಟಕಿಯ ಬಾಗಿಲು ಎಳೆದುಕೊಂಡಳು.

ಆ ವರ್ಷ ತೋಟದಲ್ಲಿ ಚಳಿಜ್ವರ ಹೆಚ್ಚಾಗಿ, ಮಾಲೀಕರು ಎಲ್ಲ ಆಳುಗಳ ರಕ್ತ ಪರೀಕ್ಷಿಸಲು ಪ್ರಯೋಗಾಲಯಕ್ಕೆ ಒಪ್ಪಿಸಿದ್ದರು. ಹಾಜರಿ ಪಟ್ಟಿಯಲ್ಲಿ ಇನ್ನೂರ ನಲವತ್ತು ಹೆಸರು. ಒಬ್ಬೊಬ್ಬರಿಗೆ ಒಂದು ಗಾಜಿನ ಸ್ಲೈಡು. ಕ್ರಮ ಸರಳವಾಗಿತ್ತು: ನಂಬರು ಮತ್ತು ಹೆಸರು ಕೂಗಬೇಕು, ಆಳು ಓಗೊಡಬೇಕು, ಉಂಗುರದ ಬೆರಳಿಗೆ ಸೂಜಿ ಚುಚ್ಚಿ ಹನಿಯನ್ನು ಗಾಜಿನ ಮೇಲೆ ಸವರಬೇಕು. "ಒಂದು ನಂಬರು ತಪ್ಪಿದರೂ ಈ ಸಮೀಕ್ಷೆ ಕಸದ ಬುಟ್ಟಿಗೆ" ಎಂದು ಪ್ರಭಾವತಿ ಎಚ್ಚರಿಸಿದ್ದರು. ಪೂರ್ತಿ ತಂದರೆ ಜನವರಿಯಿಂದ ಕೆಲಸ ಖಾಯಂ. ಖಾಯಂ ಆದರೆ ಕಾಪುವಿನ ಸುಭಾಷಿಣಿಯ ತಂದೆ ಮದುವೆಯ ದಿನ ಇಡುತ್ತಾರೆ.

ಆದ್ದರಿಂದ ಅವನು ಬೆಳಗಿನ ಬಸ್ಸಿನಲ್ಲಿ ಹೊರಟು, ಕಾರ್ಕಳ, ಬಜಗೋಳಿ ದಾಟಿ, ಮಾಳದ ತಿರುವುಗಳಲ್ಲಿ ಎರಡು ಸಲ ವಾಂತಿ ಮಾಡಿ ಇಲ್ಲಿಗೆ ಬಂದಿದ್ದ. ಹೊನ್ನೆಗುಡ್ಡೆ ಎಂದರೆ ಒಂದು ಬೀದಿ, ಎರಡು ಹೋಟೆಲು, ಒಂದು ಇಗರ್ಜಿ, ಉಳಿದಂತೆ ಕಾಫಿ. ಕೊಯ್ಲಿನ ಕಾಲ. ಹಣ್ಣು ಸುಲಿದ ಸಿಪ್ಪೆಯ ರಾಶಿಗಳು ತೋಡಿನ ಪಕ್ಕ ಕೊಳೆಯುತ್ತಿದ್ದವು. ಆ ಹುಳಿ ವಾಸನೆ ಅನ್ನಕ್ಕೂ ಹಾಸಿಗೆಗೂ ಅಂಟಿತ್ತು. ಮಧ್ಯಾಹ್ನ ಮೂರಕ್ಕೇ ನೆರಳುಮರಗಳ ಕೆಳಗೆ ಕತ್ತಲು ಕೂಡುತ್ತಿತ್ತು.

ನಾಲ್ಕು ದಿನದಲ್ಲಿ ಇನ್ನೂರ ಮೂವತ್ತೊಂಬತ್ತು ಗಾಜು ಪೆಟ್ಟಿಗೆ ಸೇರಿದವು. ಉಳಿದದ್ದು 118. ಚೆನ್ನಪ್ಪ.

ಆಳುಗಳ ಸಾಲುಮನೆಯ ಕೊನೆಯ ಕೋಣೆ ಅವನದು. ಹೃಷೀಕೇಶ ಹೋದಾಗ ಹೆಂಡತಿ ಸುಗಂಧಿ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಮೂಲೆಯಲ್ಲಿ ಮನುಷ್ಯನೊಬ್ಬ ಎರಡೂ ಕೈ ಕಂಕುಳಿಗೆ ಸೇರಿಸಿ ಕುಳಿತಿದ್ದ. ಗಡ್ಡ ಎದೆಯವರೆಗೆ. ಗೋಡೆಯಲ್ಲಿ ಕತ್ತಿಯಿಲ್ಲ, ಅಡುಗೆಯ ಜಾಗದಲ್ಲಿ ಮಣೆಕತ್ತಿಯೂ ಇಲ್ಲ. ಮನೆಯಲ್ಲಿ ಹರಿತವಾದ ಒಂದು ವಸ್ತುವೂ ಇರಲಿಲ್ಲ.

"ಮೂರು ವರ್ಷ ಆಯ್ತು" ಎಂದಳು ಸುಗಂಧಿ. "ಇವರಿಗೆ ಮೇಸ್ತ್ರಿ ಕೆಲಸ ಸಿಕ್ಕಿತು. ಸಿಗದವ ಮಾಟ ಮಾಡಿಸಿದ. ತಗಡಿನಲ್ಲಿ ಹೆಸರು ಬರೆದು ಎಲ್ಲೋ ಹೂತ. ಬಿಡಿಸಲಿಕ್ಕೆ ಬಂದವರು, 'ಬಿಡಿಸಲಿಕ್ಕೆ ಆಗುವುದಿಲ್ಲ, ಅಡಗಿಸಬಹುದು' ಅಂದರು. ಹೆಸರು ಕರೆಯಬಾರದು. ರಕ್ತ ಬೀಳಬಾರದು. ಗಾಳಿ ಬಂದರೂ ಇವರು ನಡುಗ್ತಾರೆ ಸರ್."

"ಒಂದು ಸೂಜಿ ಅಷ್ಟೇ. ಇರುವೆ ಕಚ್ಚಿದ ಹಾಗೆ."

"ಹೋಗಿ ಮಾರಾಯ್ರೆ. ಕೈ ಮುಗಿತೇನೆ."

ಹೃಷೀಕೇಶ ಜಗಳವಾಡಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸು. ಹಿಂದೆಯೂ ಒಂದೆರಡು ಸಲ ಸಿಗದ ಆಳಿನ ಲೆಕ್ಕಕ್ಕೆ ಅವನು ತನ್ನದೇ ರಕ್ತ ಹಚ್ಚಿದ್ದುಂಟು. ಈ ಕೆಲಸದಲ್ಲಿ ತಿರುಗುವವರು ಮಾಡುತ್ತಿದ್ದರು, ಯಾರೂ ಹೇಳಿಕೊಳ್ಳುತ್ತಿರಲಿಲ್ಲ.

ಔಷಧಾಲಯದಲ್ಲಿ ಯಾರೂ ಇರಲಿಲ್ಲ. ಗಂಟೆ ನಾಲ್ಕೂವರೆ. ಮಂಜು ಕಿಟಕಿಯ ಸರಳುಗಳ ನಡುವೆ ಒಳಗೆ ಬರುತ್ತಿತ್ತು. ಅವನು ವಜ್ರದ ಮೊನೆಯ ಪೆನ್ಸಿಲಿನಿಂದ ಗಾಜಿನ ಮೇಲೆ 118 ಎಂದು ಗೀರಿದ. ಹೆಸರು ಬರೆದ. ಎಡಗೈಯ ಉಂಗುರದ ಬೆರಳನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಸೂಜಿ ಚುಚ್ಚಿದ. ಹನಿ ಮೂಡಿತು. ನಾಲ್ಕು ದಿನದ ರೂಢಿಯಿಂದ ಬಾಯಿ ತಾನಾಗಿ ತೆರೆಯಿತು.

"ನೂರಹದಿನೆಂಟು. ಚೆನ್ನಪ್ಪ."

"ಓ."

ದನಿ ಬಂದದ್ದು ಬಾಗಿಲಿನಿಂದ. ಹೃಷೀಕೇಶ ತಿರುಗಿದ. ಬಾಗಿಲು ಖಾಲಿ. ಎದ್ದು ಹೊರಗೆ ನೋಡಿದ. ಜಗಲಿ ಖಾಲಿ. ಮಂಜು. ಕಾಫಿ ಗಿಡಗಳ ಸಾಲು. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಕೊಳೆತ ಸಿಪ್ಪೆಯ ವಾಸನೆ ಮಾತ್ರ ಒಮ್ಮೆಗೇ ಹತ್ತಿರವಾಯಿತು. ಬಾಯಿ ತೆರೆದು ಯಾರೋ ಮುಖದ ಮೇಲೆ ಉಸಿರು ಬಿಟ್ಟಂತೆ.

ದಾರಿಹೋಕ ಆಳು ಯಾರೋ ತಮಾಷೆ ಮಾಡಿದ ಎಂದುಕೊಂಡು ಅವನು ಗಾಜನ್ನು ಪೆಟ್ಟಿಗೆಗೆ ಸೇರಿಸಿದ.

ಉಡುಪಿಯಲ್ಲಿ ಸ್ಲೈಡುಗಳಿಗೆ ಬಣ್ಣ ಹಾಕಿ ಪರೀಕ್ಷಿಸಲು ವಾರ ಹಿಡಿಯಿತು. ಆರನೆಯ ದಿನ ಪ್ರಭಾವತಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಕೇಳಿದರು. "ಇದೆಂತದು ಮಾರಾಯ, 118? ಬಣ್ಣ ಹಾಕುವಾಗ ತೊಳೆದು ಹೋಯಿತಾ?"

"ಇಲ್ಲ ಮೇಡಂ."

"ನಿನ್ನೆ ನೋಡಿದಾಗ ತುಂಬಾ ಇತ್ತು. ಇವತ್ತು ಅರ್ಧ ಇಲ್ಲ."

ಹೃಷೀಕೇಶ ಕಣ್ಣಿಟ್ಟು ನೋಡಿದ. ಒಣಗಿ ಗಾಜಿಗೆ ಅಂಟಿದ ರಕ್ತದ ಕಣಗಳು ಎಲ್ಲಿಗೂ ಹೋಗುವಂತಿಲ್ಲ. ಆದರೆ ಹೋಗಿದ್ದವು. ಒಂದು ಅಂಚಿನಿಂದ, ಕ್ರಮವಾಗಿ, ನೆಕ್ಕಿದಂತೆ.

ಅವನು ಅಂದೇ ತನ್ನ ಹಿಮೊಗ್ಲೋಬಿನ್ ಅಳೆದುಕೊಂಡ. ನವೆಂಬರಿನಲ್ಲಿ 14.2 ಇತ್ತು. ಈಗ 11. ಮೂರು ದಿನದ ಮೇಲೆ 9. ಎಲ್ಲೂ ಗಾಯವಿಲ್ಲ, ಜ್ವರವಿಲ್ಲ, ಹೊಟ್ಟೆಯಲ್ಲಿ ಹುಳುವಿಲ್ಲ. ಒಂದೊಂದನ್ನೇ ಪರೀಕ್ಷಿಸಿ ಬರೆದಿಟ್ಟ. ಗಾಜನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ. 8. ಕಲ್ಲಿನಿಂದ ಕುಟ್ಟಿ ಪುಡಿ ಮಾಡಿ ಬಾವಿಗೆಸೆದ. ಮರುದಿನ 7.1. ಮೆಟ್ಟಿಲು ಹತ್ತಿದರೆ ಕಿವಿಯಲ್ಲಿ ಸಮುದ್ರ ಮೊರೆಯುತ್ತಿತ್ತು. ಕನ್ನಡಿಯಲ್ಲಿ ತುಟಿ ಸುಣ್ಣದಂತಿತ್ತು. ನೋಡಲು ಬಂದ ಸುಭಾಷಿಣಿ ಅಂಗಿಯ ತೋಳು ಮೂಸಿ, "ನೀವು ಚಹಾ ಕುಡಿಯುವವರು. ಈ ಹಾಳು ಕಾಫಿ ವಾಸನೆ ಎಲ್ಲಿಂದ?" ಎಂದು ನಕ್ಕಳು.

ಮರುದಿನ ಅವನು ಮತ್ತೆ ಘಟ್ಟದ ಬಸ್ಸು ಹಿಡಿದ.

ಸರಸ ಅವನ ಮುಖ ನೋಡಿದಳು. ಬೆಲ್ಲ ಮತ್ತು ನೀರು ತಂದಿಟ್ಟಳು.

"ಯಾರ ರಕ್ತ ಹಾಕಿದಿರಿ?"

"ನನ್ನದು."

"ಅಯ್ಯೋ ದೇವರೇ. ಅದಕ್ಕೆ ಮುಖ ಗೊತ್ತಿಲ್ಲ ಸರ್. ಆ ಹೆಸರಿಗೆ ಯಾರ ರಕ್ತ ಸಿಕ್ಕಿತೋ ಅವರೇ ಚೆನ್ನಪ್ಪ."

ಆಕೆ ಆ ಹೆಸರನ್ನು ಗಟ್ಟಿಯಾಗಿ, ಹೆದರದೆ ಹೇಳಿದಳು.

ಸಾಲುಮನೆಯ ಕೊನೆಯ ಕೋಣೆಯ ಮುಂದೆ ಬಿಸಿಲಿನಲ್ಲಿ ಕುಳಿತು ಗಟ್ಟಿಮುಟ್ಟಾದ ಗಂಡಸೊಬ್ಬ ಕತ್ತಿ ಮಸೆಯುತ್ತಿದ್ದ. ನುಣ್ಣಗೆ ಬೋಳಿಸಿದ ಕೆನ್ನೆ. ಗಲ್ಲದ ಮೇಲೆ ಕ್ಷೌರದ ಒಂದು ಗೀರು, ಅದಕ್ಕೆ ಅಂಟಿಸಿದ ಬೀಡಿಯ ಕಾಗದ. ಅದರಲ್ಲಿ ಚುಕ್ಕೆಯಷ್ಟು ಕೆಂಪು. ಮೂರು ವಾರದ ಹಿಂದೆ ಗಾಳಿಗೆ ನಡುಗುತ್ತಿದ್ದವನು ಇವನೇ ಎಂದು ನಂಬಲು ಹೃಷೀಕೇಶನಿಗೆ ಹೊತ್ತು ಬೇಕಾಯಿತು.

"ಒಂದು ಹನಿ ಕೊಡಿ" ಎಂದ ಅವನು. ಗಾಜು, ಸೂಜಿ ಕೈಯಲ್ಲೇ ಇದ್ದವು. "ನಿಮ್ಮ ಹೆಸರು. ನಿಮ್ಮ ರಕ್ತ. ನಾನು ಸಾಯುತ್ತಿದ್ದೇನೆ."

ಚೆನ್ನಪ್ಪ ಕತ್ತಿಯ ಬಾಯಿಯ ಮೇಲೆ ಹೆಬ್ಬೆರಳಾಡಿಸಿದ. "ನೀವಾದರೆ ಕೊಡುತ್ತಿದ್ರಾ ಸರ್?"

ಹೃಷೀಕೇಶ ಸೂಜಿ ಕೆಳಗಿಳಿಸಿದ.

ಸುಗಂಧಿ ಹೊರಗೆ ಬಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನ ದಾರಿ ಹೇಳುವಂತೆ ಹೇಳಿದಳು. "ನಿಮ್ಮ ಕೈಗೆ ದಿನಾ ಎಷ್ಟು ಜನರ ರಕ್ತ ಬರ್ತದೆ ಸರ್. ನಮ್ಮ ಬಾಗಿಲಿಗೇ ಯಾಕೆ ಬಂದ್ರಿ?"

ಇಳಿಯುವ ದಾರಿಯುದ್ದಕ್ಕೂ ಆ ಮಾತು ಪಕ್ಕದ ಸೀಟಿನಲ್ಲಿ ಕುಳಿತಿತ್ತು.

1979ರ ಜನವರಿ 6ರ ಬೆಳಿಗ್ಗೆ ಅವನ ಹಿಮೊಗ್ಲೋಬಿನ್ 5.4. ಮೇಜಿನ ಮೇಲೆ ನರ್ಸಿಂಗ್ ಹೋಮುಗಳಿಂದ ಬಂದ ಹದಿನೇಳು ರಕ್ತದ ನಳಿಕೆಗಳು. ಒಂದು ಮಲ್ಪೆಯ ಮುದುಕನದು. ಹೆಚ್ಚೆಂದರೆ ಎರಡು ದಿನ ಎಂದು ಚೀಟಿಯ ಮೂಲೆಯಲ್ಲಿ ವೈದ್ಯರು ಗೀಚಿದ್ದರು. ಹೇಗೂ ಸಾಯುವವನು. ಹೃಷೀಕೇಶ ಆ ವಾಕ್ಯವನ್ನು ಮೂರು ಸಲ ಮನಸ್ಸಿನಲ್ಲಿ ಹೇಳಿಕೊಂಡ. ಗಾಜು ತೆಗೆದ. ಗೀರಿದ. ಹನಿ ಸವರಿದ. ದನಿ ನಡುಗಲಿಲ್ಲ.

"ನೂರಹದಿನೆಂಟು. ಚೆನ್ನಪ್ಪ."

"ಓ."

ಈ ಸಲ ದನಿ ಬಾಗಿಲಿನಿಂದ ಬರಲಿಲ್ಲ. ಅವನ ಕುರ್ಚಿಯ ಹಿಂದಿನಿಂದ ಬಂತು. ಅವನು ತಿರುಗಿ ನೋಡಲಿಲ್ಲ.

ಮುದುಕ ಮರುದಿನ ತೀರಿಕೊಂಡ. ಯಾರಿಗೂ ಆಶ್ಚರ್ಯವಾಗಲಿಲ್ಲ. ಹೃಷೀಕೇಶನ ತುಟಿಗೆ ಬಣ್ಣ ಬಂತು. 7. 10. ಕೆಲಸ ಖಾಯಂ ಆಯಿತು. ಫೆಬ್ರವರಿ ಕೊನೆಗೆ ಮದುವೆ. ಮದುವೆಗೆ ಒಂಬತ್ತು ದಿನ ಇರುವಾಗ ಮತ್ತೆ 9. ಸತ್ತವನ ರಕ್ತ ಅದಕ್ಕೆ ಸಾಲದು, ಅದು ಹಿಂದಿನ ದಾರಿಗೆ, ಅಂದರೆ ತನ್ನ ಬಳಿಗೇ, ಮರಳುತ್ತದೆ ಎಂಬುದು ಅವನಿಗೆ ಅರ್ಥವಾದದ್ದು ಆಗ.

ಅವನು ಜಾಗರೂಕನಾಗಿದ್ದ. ಸಾಯುವವರನ್ನು ಮಾತ್ರ ಆರಿಸುತ್ತಿದ್ದ. ಆದರೆ ಅಂಥವರು ಬೇಗ ಮುಗಿಯುತ್ತಿದ್ದರು, ಅದು ಬೇಗ ಮರಳುತ್ತಿತ್ತು. ಎರಡನೆಯ ವರ್ಷ ಅವನು ಬದುಕಲೂಬಹುದಾದವರನ್ನು ಆರಿಸಿದ. ನಾಲ್ಕನೆಯ ವರ್ಷ, ಬದುಕುವವರನ್ನು. ಒಬ್ಬ ಗಟ್ಟಿ ಮನುಷ್ಯ ಸಿಕ್ಕಿದರೆ ಐದಾರು ತಿಂಗಳು ನೆಮ್ಮದಿ. ಇದನ್ನೂ ಅವನು ಪರೀಕ್ಷಿಸಿಯೇ ತಿಳಿದುಕೊಂಡ.

1986ರ ಫೆಬ್ರವರಿಯ ಒಂದು ಸೋಮವಾರ. ಬೆಳಿಗ್ಗೆ ಹತ್ತೂಕಾಲು. ಹೊರಗೆ ಬೀದಿಯಲ್ಲಿ ಮೀನಿನ ಲಾರಿ ಹಾರ್ನ್ ಹೊಡೆಯುತ್ತಿತ್ತು. ಅವನ ಎದುರಿನ ಸ್ಟೂಲಿನ ಮೇಲೆ ಹಸಿರು ಸೀರೆಯ ಹೆಂಗಸೊಬ್ಬಳು ಕುಳಿತು ಕೈ ಚಾಚಿದಳು. ಹೊಸ ಕೆಲಸಕ್ಕೆ ಸೇರಲು ಆರೋಗ್ಯದ ಸರ್ಟಿಫಿಕೇಟು ಬೇಕಿತ್ತು. ಕಣ್ಣಿನ ಒಳರೆಪ್ಪೆ ದಾಸವಾಳದಷ್ಟು ಕೆಂಪು. ಹಿಮೊಗ್ಲೋಬಿನ್ ಕಡಿಮೆಯೆಂದರೆ ಹದಿಮೂರು ಎಂದು ಅವನ ಕಣ್ಣು ಅಳೆಯಿತು. ಅಂದು ಬೆಳಿಗ್ಗೆ ಅವನದು 6.

"ಹೆಸರು?"

"ಸ್ವರ್ಣಲತಾ. ಹೆಜಮಾಡಿ." ಅವಳು ಸೂಜಿ ನೋಡಿ ಮುಖ ತಿರುಗಿಸಿದಳು. "ನೋವಾಗ್ತದಾ ಸರ್?"

"ಇರುವೆ ಕಚ್ಚಿದ ಹಾಗೆ."

ಅವಳು ನಕ್ಕಳು. ಅವನು ಚುಚ್ಚಿದ. ಹನಿ ದಪ್ಪಗೆ, ಬೆಚ್ಚಗೆ ಮೂಡಿತು. ಒಂದು ಗಾಜಿನ ಮೇಲೆ ಅವಳ ಹೆಸರು. ಇನ್ನೊಂದರ ಮೇಲೆ ಮೂರು ಅಂಕೆ. ಬಗ್ಗಿ, ತನಗಷ್ಟೇ ಕೇಳುವಂತೆ ಕೂಗಿದ.

ಹುಳಿ ವಾಸನೆ ಕೋಣೆ ತುಂಬಿತು.

ಸ್ವರ್ಣಲತಾ ಬೆರಳಿಗೆ ಹತ್ತಿ ಒತ್ತಿಕೊಂಡು ಎದ್ದವಳು ಬಾಗಿಲಲ್ಲಿ ನಿಂತು ತಿರುಗಿದಳು.

"ಸರ್, ನಿಮ್ಮ ಹಿಂದೆ ಯಾರೋ ಓ ಅಂದರಲ್ವಾ?"

"ಇಲ್ಲಮ್ಮ" ಎಂದ ಹೃಷೀಕೇಶ. ಗಾಜನ್ನು ಬೆಳಕಿಗೆ ಹಿಡಿದು ಒಣಗಿಸುತ್ತಿದ್ದ. "ನಾಳೆ ಸಂಜೆ ಬನ್ನಿ. ಸರ್ಟಿಫಿಕೇಟು ತಯಾರಿರುತ್ತದೆ."